ಮುಂದಾಳುಗಳ ಕಾಗದಪತ್ರಗಳು

ಕಳೆದ ತಿಂಗಳು ನಮ್ಮ ಊರಿನ ಪೇಟೆಬೀದಿಯಲ್ಲಿರುವ ರದ್ದಿ ಕಾಗದದ ಅಂಗಡಿಯೊಂದರ ಮುಂದೆ ನಾವು ನಿಲ್ಲಬೇಕಾಯಿತು. ತಕ್ಕಡಿಯ ಮೇಲೆ ಹಳೆಯ ಪತ್ರಿಕೆಗಳ ಜೊತೆಯಲ್ಲಿ ಸೆಣಬಿನ ಹುರಿಯಿಂದ ಬಿಗಿದ ಐದಾರು ಕಟ್ಟುಗಳಿದ್ದುವು. ಮೇಲಿನ ಕಟ್ಟಿನ ಅಂಚಿನಲ್ಲಿ ಕಾಣುತ್ತಿದ್ದ ಕೈಬರಹವು ನಮಗೆ ಚೆನ್ನಾಗಿ ಪರಿಚಿತವಾದುದು. ಎರಡು ಸಲ ಈ ಕ್ಷೇತ್ರದಿಂದ ಶಾಸನಸಭೆಗೆ ಹೋಗಿ, ಕೆಲವು ವರ್ಷಗಳ ಹಿಂದೆ ಕಾಲವಾದ ಹಿರಿಯರೊಬ್ಬರ ಬರಹವದು. ಮನೆಯನ್ನು ಕೆಡವಿ ಕಟ್ಟಿಸುವ ಸಲುವಾಗಿ ಅಟ್ಟವನ್ನು ಬರಿದುಮಾಡಿದರೆಂದೂ, ಬೀರುವಿನಲ್ಲಿದ್ದುದು ಹಿಂದಿನ ದಿನವೇ ಗಾಡಿಯಲ್ಲಿ ಹೋಯಿತೆಂದೂ ಅಂಗಡಿಯವನು ಹೇಳಿದನು. ಉಳಿದ ಕಟ್ಟುಗಳನ್ನು ಅವನು ಕೇಳಿದ ಬೆಲೆಗೆ ಕೊಂಡು ತಂದು ಬಿಚ್ಚಿ ನೋಡಿದೆವು. ಕೆರೆಯ ಏರಿ ಒಡೆದ ವರ್ಷ ಹಳ್ಳಿಯವರು ಬರೆದುಕೊಂಡ ಅರ್ಜಿಗಳು. ಮಂತ್ರಿಗಳ ಮತ್ತು ಅಧಿಕಾರಿಗಳ ಉತ್ತರಗಳು. ಸಭೆಯಲ್ಲಿ ಕೇಳಬೇಕೆಂದು ಗುರುತುಮಾಡಿಕೊಂಡ ಪ್ರಶ್ನೆಗಳ ಪಟ್ಟಿ. ಕೇಳದೆ ಬಿಟ್ಟ ಪ್ರಶ್ನೆಗಳ ಪಕ್ಕದಲ್ಲಿ, ಏತಕ್ಕೆ ಬಿಟ್ಟೆನೆಂಬುದನ್ನು ತಿಳಿಸುವ ಒಂದೊಂದು ಸಾಲು.

ಆ ಮನೆಯವರನ್ನು ನಾವು ದೂರುವುದಿಲ್ಲ. ಕಟ್ಟುಗಳು ನಮ್ಮಲ್ಲಿವೆಯೆಂದು ತಿಳಿಸಲು ಹೋದಾಗ ಅವರ ಮಗನು, “ಇವುಗಳಿಂದ ಯಾರಿಗೇನು ಪ್ರಯೋಜನ ಸ್ವಾಮಿ? ಇಷ್ಟು ದಿನ ಬೇಕೆಂದು ಯಾರೂ ಬಂದು ಕೇಳಲಿಲ್ಲವಲ್ಲ” ಎಂದರು. ಮೊದಲನೆಯ ಮಾತಿಗೆ ಉತ್ತರ ಹೇಳಬಲ್ಲೆವು. ಎರಡನೆಯ ಮಾತಿಗೆ ತಲೆತಗ್ಗಿಸಿದೆವು. ಈ ಲೇಖನವು ಆ ಎರಡು ಮಾತುಗಳಿಂದ ಹುಟ್ಟಿದುದು.

ಪ್ರಜಾಪ್ರತಿನಿಧಿಗಳು ಕೂಡಿ ಮಾತನಾಡುವ ಪದ್ಧತಿಯಲ್ಲಿ ನಮ್ಮ ನಾಡು ಹಿಂದುಳಿದುದಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, 144 ಮಂದಿ ಪ್ರತಿನಿಧಿಗಳೊಡನೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. 1949ರಲ್ಲಿ ಇವೆರಡೂ ಮುಗಿದು, 1952ರಲ್ಲಿ ವಯಸ್ಕರ ಮತದಾನದಿಂದ ಚುನಾಯಿತವಾದ ಸಭೆ ಕುಳಿತಿತು. ಈ ಸಭೆಗಳ ನಡವಳಿಗಳು ಅಚ್ಚಾಗಿರುವುವು. ಯಾರು ಎದ್ದುನಿಂತರು, ಏನು ನುಡಿದರು, ಯಾವ ಮಸೂದೆಗೆ ಎಷ್ಟು ತಿದ್ದುಪಡಿ ಬಂದುವು ಎಂಬುದನ್ನು ತಾಳ್ಮೆಯುಳ್ಳವನು ಪುಟ ತಿರುವಿ ತಿಳಿಯಬಹುದು. ಇದು ಸಾಮಾನ್ಯವಾದ ಸಂಪತ್ತಲ್ಲ.

ಆದರೆ ನಡವಳಿಯ ಪುಸ್ತಕವು ಬಾಗಿಲು ತೆರೆದ ಮೇಲಿನ ಕಥೆಯನ್ನು ಮಾತ್ರ ಹೇಳಬಲ್ಲುದು. ಒಂದು ಕಾಯಿದೆಯ ವಾಕ್ಯವು ಸಭೆಗೆ ಬರುವ ಮುಂಚೆ ಎಷ್ಟು ಮಂದಿಯ ಕೈಯಲ್ಲಿ ಬಾಗಿತು, ಯಾರ ಒತ್ತಾಯದಿಂದ ನೆಟ್ಟಗಾಯಿತು, ಯಾರ ದಾಕ್ಷಿಣ್ಯಕ್ಕಾಗಿ ಮತ್ತೆ ಮೊಂಡಾಯಿತು ಎಂಬುದು ಅದರಲ್ಲಿರುವುದಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆಯನ್ನೇ ನೋಡಿರಿ. 1961ರ ಕಾಯಿದೆಗೆ 1974ರಲ್ಲಿ ಬಂದ ತಿದ್ದುಪಡಿಯಿಂದ ಗೇಣಿದಾರರು ತಾವು ಉಳುವ ನೆಲಕ್ಕಾಗಿ ಭೂನ್ಯಾಯಮಂಡಳಿಗಳ ಮುಂದೆ ಅರ್ಜಿ ಹಾಕಿಕೊಂಡರು. ಕಾಯಿದೆಯ ಅಕ್ಷರ ನಮಗೆ ಸಿಕ್ಕುವುದು. ಸಭೆಯ ಚರ್ಚೆಯೂ ಸಿಕ್ಕುವುದು. ಆದರೆ ಗೇಣಿಯ ಮಾತನ್ನು ಬಾಯಲ್ಲಿ ಆಡಿ ಕಾಗದದಲ್ಲಿ ಇಡದ ಊರುಗಳಲ್ಲಿ ಬಡ ಒಕ್ಕಲು ತನ್ನ ಶಾಸಕನಿಗೆ ಏನೆಂದು ಬರೆಯಿಸಿದನು? ನೆಲದೊಡೆಯನು ಅದೇ ಶಾಸಕನಿಗೆ ಏನೆಂದು ಬರೆದನು? ಇಬ್ಬರ ಮತವೂ ಬೇಕಾಗಿದ್ದ ಆ ಶಾಸಕನು ಇಬ್ಬರಿಗೂ ಏನುತ್ತರ ಕೊಟ್ಟನು? ಈ ಮೂರು ಓಲೆಗಳು ಒಂದೆಡೆ ದೊರೆತರೆ, ಆ ಒಂದು ತಾಲ್ಲೂಕಿನಲ್ಲಿ ಕಾಯಿದೆ ಹೇಗೆ ನಡೆಯಿತೆಂಬುದು ಹತ್ತು ವರದಿಗಳಿಗಿಂತ ಚೆನ್ನಾಗಿ ತಿಳಿದೀತು. ಅವು ಉಳಿದಿದ್ದರೆ ಉಳಿದಿರುವುದು ಮನೆಯ ಅಟ್ಟದಲ್ಲಿ, ಸರ್ಕಾರದ ದಫ್ತರದಲ್ಲಲ್ಲ.

ಒಂದು ಕಟ್ಟು ಓಲೆಗಳಿಂದ ಇತಿಹಾಸಕ್ಕೆ ಏನು ಬೆಳಕು ಬಂದೀತೆಂದು ಸಂಶಯಪಡುವವರು ಶೃಂಗೇರಿಯ ಸಂಗತಿಯನ್ನು ನೆನೆಯಬೇಕು. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯನ್ನು ಸೂರೆಮಾಡಿದ ಮೇಲೆ ಟಿಪ್ಪೂ ಸುಲ್ತಾನನು ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಯಿಸಿದ ಪತ್ರಗಳು ಮಠದಲ್ಲಿಯೇ ಇದ್ದುವು. 1916ರಲ್ಲಿ ಮೈಸೂರಿನ ಪ್ರಾಚ್ಯಶೋಧನ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಅವು ಬೀಳುವವರೆಗೆ ಹೊರಗಿನ ಲೋಕಕ್ಕೆ ಅವುಗಳ ಸುಳಿವಿರಲಿಲ್ಲ. ಸುಮಾರು 30 ಪತ್ರಗಳು; ಅಷ್ಟೆ. ಅಂದಿನಿಂದ ಇಂದಿನವರೆಗೆ ಆ ದೊರೆಯ ವಿಷಯವಾಗಿ ಯಾವ ಪಕ್ಷದವರು ವಾದಿಸಿದರೂ ಆ ಪತ್ರಗಳಿಗೆ ಉತ್ತರ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಬರೆದವನ ರಾಜ್ಯ ಅಳಿಯಿತು. ಪತ್ರವನ್ನು ಪಡೆದವರು ಕಾಪಾಡಿದುದರಿಂದ ಮಾತು ಉಳಿಯಿತು. ಗಾಂಧೀಜಿಯವರ ಸಮಗ್ರ ಬರಹಗಳ ಕೆಲಸವು 1956ರಲ್ಲಿ ಆರಂಭವಾಗಿ 1994ರಲ್ಲಿ ನೂರನೆಯ ಸಂಪುಟವನ್ನು ಮುಟ್ಟಿದುದೂ, ಅವರಿಂದ ಕಾಗದ ಪಡೆದ ಎಷ್ಟೋ ಮಂದಿ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದುದರಿಂದಲೇ.

ಕನ್ನಡಿಗರಿಗೆ ಈ ವಿಷಯದಲ್ಲಿ ಇತರರಿಗಿಂತ ಹೆಚ್ಚಿನ ಎಚ್ಚರ ಬೇಕಾಗಿದೆ. ಅದಕ್ಕೆ ಕಾರಣವುಂಟು. 1956ರ ನವೆಂಬರ್ 1ಕ್ಕೆ ಮುಂಚೆ ನಮ್ಮ ಪ್ರತಿನಿಧಿಗಳು ಒಂದೇ ಸಭೆಯಲ್ಲಿ ಕುಳಿತವರಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡದವರು ಮುಂಬಯಿಗೆ ಹೋಗುತ್ತಿದ್ದರು. ಮಂಗಳೂರು ಕಡೆಯವರು ಮದರಾಸಿಗೆ ಹೋಗುತ್ತಿದ್ದರು. ರಾಯಚೂರು, ಗುಲಬರ್ಗಾ, ಬೀದರದವರು 1952ರ ಚುನಾವಣೆಯಾದ ಮೇಲೆ ಹೈದರಾಬಾದಿನ ಸಭೆಯಲ್ಲಿ ಕುಳಿತರು. ಕೊಡಗಿನವರಿಗೆ 1924ರಿಂದ ತಮ್ಮದೇ ಸಭೆಯಿದ್ದಿತು. ಮೈಸೂರಿನವರಿಗೆ ಮೈಸೂರಿನದು. ಆ ಸರ್ಕಾರಗಳ ದಫ್ತರಗಳಲ್ಲಿ ಬಹುಭಾಗವು ಆಯಾ ರಾಜಧಾನಿಗಳಲ್ಲಿಯೇ ನಿಂತಿತು. ಹೀಗೆ ಐದು ಕಡೆ ಚದರಿದ ನಾಡು ಒಂದಾದ ಬಗೆಯನ್ನು ತಿಳಿಯಬೇಕಾದರೆ, ಧಾರವಾಡದವರು ಮಂಗಳೂರಿನವರಿಗೆ, ಬಳ್ಳಾರಿಯವರು ಬೆಂಗಳೂರಿನವರಿಗೆ ಬರೆದ ಕಾಗದಗಳೇ ಸೇತುವೆ. ಏಕೀಕರಣವು ಬೇಡವೆಂದವರೂ ಹಳೆಯ ಮೈಸೂರಿನಲ್ಲಿ ಇದ್ದರು. ಅದನ್ನು ಎತ್ತಿಹಿಡಿದ ಕೆಂಗಲ್ ಹನುಮಂತಯ್ಯನವರು ಹೊಸ ರಾಜ್ಯ ಹುಟ್ಟುವುದಕ್ಕೆ ಎರಡೂವರೆ ತಿಂಗಳು ಮುಂಚೆ, 1956ರ ಆಗಸ್ಟಿನಲ್ಲಿ, ಮುಖ್ಯಮಂತ್ರಿ ಪದವಿಯಿಂದ ಇಳಿದರು. ಈ ಎಳೆದಾಟದ ಒಳಗನ್ನು ಅಂದಿನ ಸದಸ್ಯರ ಖಾಸಗಿ ಬರಹಗಳಲ್ಲದೆ ಇನ್ನಾವುದು ತೋರಿಸಬಲ್ಲುದು? ಬೇಡವೆಂದವರ ಮಾತೂ ಉಳಿಯಬೇಕು. ಗೆದ್ದವರ ಮಾತನ್ನು ಉಳಿಸಲು ವರ್ಷಕ್ಕೊಂದು ಉತ್ಸವವಿದೆ. ಸೋತವರ ವಾದವನ್ನು ಉಳಿಸಲು ಕಾಗದದ ಹೊರತು ಬೇರೆ ಗತಿಯಿಲ್ಲ.

ದೊಡ್ಡವರ ಪತ್ರಗಳಿಗೆ ಹೇಗೋ ಒಂದು ನೆಲೆ ದೊರೆಯುತ್ತದೆ. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ಲರ ಪತ್ರಸಂಗ್ರಹವು ದೆಹಲಿಯ ತೀನ್‌ಮೂರ್ತಿ ಭವನದ ಗ್ರಂಥಾಲಯದಲ್ಲಿದೆ. ನಿಜಲಿಂಗಪ್ಪನವರು ದಿನಚರಿ ಬರೆಯುತ್ತಿದ್ದುದರಿಂದ 1969ರಲ್ಲಿ ಕಾಂಗ್ರೆಸ್ಸು ಒಡೆದ ಕಥೆಯನ್ನು ಬರೆದವರಿಗೆ ಒಂದು ಆಧಾರ ದೊರೆಯಿತು. ದೆಹಲಿಗೆ ಹೋದುದು ತಪ್ಪೆಂದು ನಾವು ಹೇಳುವುದಿಲ್ಲ. ಗೆದ್ದಲಿನ ಬಾಯಿಗಿಂತ ದೆಹಲಿ ಲೇಸು. ಆದರೆ ಮೈಸೂರಿನ ಆಡಳಿತವನ್ನು ಓದಬೇಕೆಂಬ ಮೈಸೂರಿನ ಬಡ ವಿದ್ಯಾರ್ಥಿಯು ರೈಲಿನ ಖರ್ಚನ್ನು ಹೊಂದಿಸಿಕೊಂಡು ಎರಡು ದಿನ ಪ್ರಯಾಣ ಮಾಡಬೇಕೆ? ದಿವಾನರ ಮತ್ತು ಮುಖ್ಯಮಂತ್ರಿಗಳ ಮಾತು ಹೀಗಿರಲಾಗಿ, ಒಂದು ಸಲ ಗೆದ್ದು, ಹಿಂದಿನ ಸಾಲಿನ ಬೆಂಚಿನಲ್ಲಿ ಕುಳಿತು, ತನ್ನ ತಾಲ್ಲೂಕಿನ ರಸ್ತೆ ಶಾಲೆಗಳಿಗಾಗಿ ನೂರಾರು ಕಾಗದ ಬರೆದು ಮರೆಯಾದ ಸದಸ್ಯನನ್ನು ಕೇಳುವವರು ಯಾರು? ಜನಜೀವನಕ್ಕೆ ಹತ್ತಿರವಾದ ಪತ್ರಗಳು ಅವನವೇ.

ಇನ್ನು ಇವು ಯಾರ ಸ್ವತ್ತು ಎಂಬ ಪ್ರಶ್ನೆ. ನ್ಯಾಯದ ಕಣ್ಣಿನಲ್ಲಿ ಶಾಸಕನ ಖಾಸಗಿ ಪತ್ರವು ಅವನದು. ಅವನ ತರುವಾಯ ಅವನ ಮನೆಯವರದು. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯು ಕೇಂದ್ರ ಸರ್ಕಾರದ ಕಛೇರಿಗಳ ದಾಖಲೆಗಳನ್ನು ಹಾಳುಮಾಡಿದವರಿಗೆ ಐದು ವರ್ಷಗಳವರೆಗಿನ ಸೆರೆಮನೆಯನ್ನು ವಿಧಿಸಿರುವುದಾದರೂ, ಖಾಸಗಿಯವರ ದಾಖಲೆಗಳ ವಿಷಯದಲ್ಲಿ ದಾನವಾಗಿಯೋ ಕ್ರಯಕ್ಕೋ ಸ್ವೀಕರಿಸಬಹುದೆಂದು ಹೇಳಿ ನಿಲ್ಲುತ್ತದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯೂ ಮನೆಯ ಬೀರುವಿಗೆ ಕೈಹಾಕಲಾರದು. ಇದು ಸರಿಯಾದುದೇ. ಸರ್ಕಾರದ ಜವಾನನು ಬಂದು ಮನೆಯ ಟ್ರಂಕನ್ನು ತೆರೆಸುವಂತಾದರೆ, ಪತ್ರಗಳು ಪತ್ರಾಗಾರಕ್ಕೆ ಬರುವುದಕ್ಕೆ ಬದಲಾಗಿ ಒಲೆಗೆ ಹೋದಾವು. ಅಮೆರಿಕದಲ್ಲಿ ಅಧ್ಯಕ್ಷರ ಕಾಗದಗಳನ್ನು 1978ರ ಕಾಯಿದೆಯಿಂದ ರಾಷ್ಟ್ರದ ಸ್ವತ್ತೆಂದು ಮಾಡಿದರು. ಆದರೆ ಅಲ್ಲಿಯ ಕಾಂಗ್ರೆಸ್ ಸಭೆಯ ಸದಸ್ಯರ ಕಾಗದಗಳು ಇಂದಿಗೂ ಅವರವೇ. ಹಾಗಿದ್ದೂ ತಮ್ಮ ಊರಕಡೆಯ ವಿಶ್ವವಿದ್ಯಾಲಯಕ್ಕೆ ಅವುಗಳನ್ನು ಒಪ್ಪಿಸುವುದು ಅಲ್ಲಿ ಅನೇಕರಿಗೆ ವಾಡಿಕೆಯಾಗಿದೆ. ಕಾಯಿದೆ ಮಾಡಲಾರದುದನ್ನು ವಾಡಿಕೆ ಮಾಡಿದೆ. ನಮ್ಮಲ್ಲಿ ಬೇಕಾಗಿರುವುದೂ ಆ ವಾಡಿಕೆಯೇ.

ವಾಡಿಕೆ ಬೆಳೆಯುವ ಮುಂಚೆ ಗಡಿಯನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಇಂಗ್ಲೆಂಡಿನಲ್ಲಿ 1995ರಲ್ಲಿ ಚರ್ಚಿಲ್ಲರ ಪತ್ರಗಳನ್ನು ಅವರ ಮನೆತನದವರಿಂದ ಲಾಟರಿಯ ಹಣದಲ್ಲಿ 1 ಕೋಟಿ 25 ಲಕ್ಷ ಪೌಂಡು ಕೊಟ್ಟು ಕೊಂಡಾಗ, ಮಂತ್ರಿಯಾಗಿದ್ದವರ ಕಾಗದಗಳಿಗೆ ಪ್ರಜೆಗಳು ಏತಕ್ಕೆ ಹಣ ತೆರಬೇಕೆಂಬ ಕೂಗು ಎದ್ದಿತು. ಸರ್ಕಾರದ ಕಡತವು ಸರ್ಕಾರದ ಕಛೇರಿಯಲ್ಲಿರತಕ್ಕುದು. ಮಂತ್ರಿಯು ಪದವಿಯಿಂದ ಇಳಿಯುವಾಗ ಅದನ್ನು ಮನೆಗೆ ಒಯ್ದರೆ ಅದು ಸಂಗ್ರಹವೆನಿಸದು. ಅಧಿಕಾರವರ್ಗದ ನಮ್ಮ ವಾಚಕರು ಈ ಮಾತನ್ನು ಮನಸ್ಸಿನಲ್ಲಿಡಬೇಕೆಂದು ಬಿನ್ನವಿಸುತ್ತೇವೆ.

ಪತ್ರಗಳನ್ನು ಕೊಡಲು ಹಿಂಜರಿಯುವವರ ಮಾತುಗಳನ್ನೂ ನ್ಯಾಯವಾಗಿ ಎಣಿಸಬೇಕು. ತಂದೆಯವರ ಕಾಗದಗಳಲ್ಲಿ ಯಾವ ಕಹಿ ಮಾತಿದೆಯೋ, ಯಾರ ಮನಸ್ಸು ನೊಂದೀತೋ ಎಂಬ ಅಂಜಿಕೆ ಸಹಜವಾದುದು. ಇದಕ್ಕೆ ಪರಿಹಾರ ಮೊಹರು, ಬೆಂಕಿಯಲ್ಲ. ಮೌಲಾನಾ ಆಜಾದರು ತಮ್ಮ ಆತ್ಮಕಥನದ ಸುಮಾರು 30 ಪುಟಗಳನ್ನು ಮೊಹರುಮಾಡಿ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದಲ್ಲಿಯೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಇರಿಸುವ ಏರ್ಪಾಟನ್ನು ಮಾಡಿದ್ದರು. ಅವರು 1958ರಲ್ಲಿ ತೀರಿಕೊಂಡರು. 30 ವರ್ಷ ಕಳೆದ ಮೇಲೆ 1988ರಲ್ಲಿ ಅವು ಹೊರಬಂದುವು. ಲಿಂಕನ್ನರ ಮಗನು ತಂದೆಯ ಪತ್ರಗಳನ್ನು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡುವಾಗ, ತಾನು ಸತ್ತು 21 ವರ್ಷಗಳಾಗುವವರೆಗೆ ತೆರೆಯಕೂಡದೆಂದು ಕಟ್ಟುಮಾಡಿದನು. ಗ್ರಂಥಾಲಯದವರು ಮಾತಿಗೆ ತಪ್ಪಲಿಲ್ಲ. 1947ರ ಜುಲೈ 26ರಂದು, ಎಂದರೆ ನಮ್ಮ ದೇಶವು ಸ್ವತಂತ್ರವಾಗುವುದಕ್ಕೆ 20 ದಿನ ಮುಂಚೆ, ಆ ಪೆಟ್ಟಿಗೆಗಳನ್ನು ತೆರೆದರು. ಆ ವೇಳೆಗೆ ನೋಯಬೇಕಾದವರು ಯಾರೂ ಉಳಿದಿರಲಿಲ್ಲ. ತಿಳಿಯಬೇಕಾದವರು ಬಹುಮಂದಿ ಇದ್ದರು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗುರುತರವಾದುದು. ಶಾಸಕನಿಗೆ ಬರೆದುಕೊಂಡವರಲ್ಲಿ ವಿಧವೆಯರಿರುತ್ತಾರೆ, ಸಾಲಗಾರರಿರುತ್ತಾರೆ, ಮಗನ ಕೆಲಸಕ್ಕಾಗಿ ಕಾಲುಹಿಡಿದ ತಂದೆಯರಿರುತ್ತಾರೆ. ತಮ್ಮ ಕಷ್ಟವನ್ನು ಒಬ್ಬರ ಕಿವಿಗೆ ಹೇಳಿಕೊಂಡ ಇವರು ಅದನ್ನು ಊರ ಮುಂದೆ ಇಡಲು ಒಪ್ಪಿದವರಲ್ಲ. ದಾನ ಕೊಡುವ ಮನೆಯವರಿಗೂ ಇವರ ಗುಟ್ಟನ್ನು ಕೊಟ್ಟುಬಿಡುವ ಹಕ್ಕಿಲ್ಲ. ಆದುದರಿಂದ ಇಂಥ ಅರ್ಜಿಗಳನ್ನು ಬೇರೆ ಕಟ್ಟಿ, ಒಂದು ತಲೆಮಾರು ಕಳೆಯುವವರೆಗೆ ಮುಚ್ಚಿಡತಕ್ಕುದು. ಆಮೇಲೆಯೂ ಹೆಸರುಗಳನ್ನು ಪ್ರಕಟಿಸದಂತೆ ಓದುವವರಿಂದ ಒಪ್ಪಿಗೆ ಪಡೆಯತಕ್ಕುದು. ಈ ಎಚ್ಚರವಿಲ್ಲದ ಪತ್ರಾಗಾರವನ್ನು ಯಾರೂ ನಂಬಲಾರರು.

ಮೂರನೆಯದು ಪಕ್ಷದ ಭಯ. ಇಂದು ಒಂದು ಪಕ್ಷದ ಸರ್ಕಾರ, ನಾಳೆ ಇನ್ನೊಂದರದು. ಎದುರಾಳಿಯ ಕಾಗದಗಳನ್ನು ಕೆದಕಿ ಚುನಾವಣೆಗೆ ಬಳಸಲಾರರೆಂದು ಯಾರು ತಾನೆ ಹೇಳಬಲ್ಲರು? ಕೊಟ್ಟವರು ಮತ್ತೆ ಕೇಳಿದರೆ ಏನು ಮಾಡಬೇಕೆಂಬುದೂ ಇದರೊಡನೆ ಸೇರಿದೆ. ತೀನ್‌ಮೂರ್ತಿ ಭವನದಲ್ಲಿದ್ದ ನೆಹರೂ ಅವರ ಪತ್ರಗಳ 51 ಪೆಟ್ಟಿಗೆಗಳು 2008ರಲ್ಲಿ ಮನೆತನದವರ ಕಡೆಗೆ ಹಿಂದಿರುಗಿದುವು. ಅವು ಮರಳಿ ಬರಬೇಕೆಂಬ ವಾದವು 2024ರಿಂದ ಪತ್ರಿಕೆಗಳಲ್ಲಿಯೂ ಸಂಸತ್ತಿನಲ್ಲಿಯೂ ಕೇಳಿಬಂದಿದೆ. ಯಾರ ಕಡೆ ನ್ಯಾಯವಿದೆಯೆಂದು ತೀರ್ಪುಕೊಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ಕೊಟ್ಟುದು ದಾನವೋ ಇಡುಗಂಟೋ, ಎಷ್ಟು ಕಾಲ, ಯಾರು ಓದಬಹುದು, ಮರಳಿ ಪಡೆಯಬಹುದೋ ಇಲ್ಲವೋ ಎಂಬುದನ್ನು ಕೊಡುವ ದಿನವೇ ಬಿಳಿಯ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಬರೆಯದಿದ್ದರೆ, ಎಂಥ ದೊಡ್ಡ ಹೆಸರಿನ ಸಂಗ್ರಹವೂ ಜಗಳದ ಗಂಟಾಗುವುದೆಂಬ ಪಾಠವನ್ನು ನಾವು ಕಲಿಯಬೇಕು.

ಈಗ ಹೊಸತೊಂದು ಅಪಾಯವೂ ಸೇರಿದೆ. ಇಂದಿನ ಶಾಸಕರು ಓಲೆ ಬರೆಯುವವರಲ್ಲ. ಅವರ ಮಾತುಕತೆ ವಾಟ್ಸಾಪಿನಲ್ಲಿ, ಅರ್ಜಿ ಕೈಫೋನಿನ ಚಿತ್ರದಲ್ಲಿ, ಪಕ್ಷದ ಆಜ್ಞೆ ಧ್ವನಿಸಂದೇಶದಲ್ಲಿ. ಗೆದ್ದಲು ಒಂದು ಕಟ್ಟನ್ನು ತಿನ್ನಲು ಹತ್ತಾರು ವರ್ಷ ತೆಗೆದುಕೊಳ್ಳುತ್ತಿದ್ದಿತು. ಕೈಫೋನನ್ನು ಬದಲಾಯಿಸಿದ ಒಂದು ಗಳಿಗೆಯಲ್ಲಿ ಐದು ವರ್ಷದ ವ್ಯವಹಾರ ಇಲ್ಲವಾಗುತ್ತದೆ. ನಮ್ಮ ಅಜ್ಜಂದಿರ ಕಾಲವನ್ನು ಬಲ್ಲಷ್ಟು ನಮ್ಮ ಕಾಲವನ್ನು ಮೊಮ್ಮಕ್ಕಳು ಬಲ್ಲವರಾಗದಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ.

ಮಾಡಬೇಕಾದುದೇನು? ನಾವು ದೊಡ್ಡ ಭವನವನ್ನು ಬೇಡುವುದಿಲ್ಲ. ಅಡಿಗಲ್ಲಿನ ಸಮಾರಂಭವನ್ನಂತೂ ಬೇಡುವುದೇ ಇಲ್ಲ. ಮೊದಲನೆಯದಾಗಿ, ಯಾವ ಮನೆಯಲ್ಲಿ ಏನಿದೆ ಎಂಬ ಪಟ್ಟಿಯಾಗಲಿ. ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಹಿಂದಿನ ಸದಸ್ಯರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದಕ್ಕೆ ಒಬ್ಬ ಉಪಾಧ್ಯಾಯ, ಒಬ್ಬ ವಿದ್ಯಾರ್ಥಿ, ಒಂದು ನೋಟುಪುಸ್ತಕ ಸಾಕು. ಎರಡನೆಯದಾಗಿ, ವಿಧಾನಸಭೆಯ 224 ಮತ್ತು ವಿಧಾನಪರಿಷತ್ತಿನ 75 ಸದಸ್ಯರಿಗೆ, ಅವರ ಅವಧಿ ಮುಗಿಯುವ ಮುಂಚೆ, ಒಂದು ಪುಟದ ಒಪ್ಪಿಗೆಪತ್ರವನ್ನು ಕೊಡಲಿ. ಕೊಡುವುದೂ ಬಿಡುವುದೂ ಅವರ ಇಚ್ಛೆ. ಕೈಫೋನಿನಲ್ಲಿರುವುದನ್ನು ಪ್ರತಿಮಾಡಿ ಇಡುವ ಉಪಾಯವನ್ನೂ ಆಗಲೇ ತಿಳಿಸಿಕೊಡಲಿ. ಮೂರನೆಯದಾಗಿ, ಎಲ್ಲವನ್ನೂ ಬೆಂಗಳೂರಿಗೆ ಸಾಗಿಸದಿರಲಿ. ರಾಜ್ಯ ಪತ್ರಾಗಾರವು ಮೇಲ್ವಿಚಾರಣೆ ನಡೆಸಲಿ. ಕರಾವಳಿಯವರ ಪತ್ರಗಳು ಮಂಗಳೂರಿನಲ್ಲಿ, ಮುಂಬಯಿ ಕರ್ನಾಟಕವೆನಿಸಿಕೊಂಡಿದ್ದ ಸೀಮೆಯವು ಧಾರವಾಡದಲ್ಲಿ, ಕಲಬುರಗಿಯ ಕಡೆಯವು ಕಲಬುರಗಿಯಲ್ಲಿ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿರಲಿ. ನಾಲ್ಕನೆಯದಾಗಿ, ಮೊಹರಿನ ಕಾಲ 30 ವರ್ಷಕ್ಕೆ ಮೀರದಿರಲಿ. ಕೊನೆಯಿಲ್ಲದ ಮೊಹರು ಬೆಂಕಿಗೆ ಸಮಾನ. ಐದನೆಯದಾಗಿ, ಪತ್ರಗಳನ್ನು ಆರಿಸುವ ಕೆಲಸವು ಬಲ್ಲವರಿಗೆ ಸೇರಲಿ. ಆಳುವ ಪಕ್ಷಕ್ಕಾಗಲಿ ಎದುರುಪಕ್ಷಕ್ಕಾಗಲಿ ಅದರಲ್ಲಿ ಕೈಯಿರಕೂಡದು.

ಇತರರಿಗೆ ಬುದ್ಧಿ ಹೇಳುವವರು ತಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ನಮ್ಮ ಪತ್ರಿಕೆಯ ಕಛೇರಿಗೆ ಮಂತ್ರಿಗಳಿಂದ, ಶಾಸಕರಿಂದ, ಅವರನ್ನು ಬೈದು ಬರೆದ ಗ್ರಾಮಸ್ಥರಿಂದ ಬಂದ ಕಾಗದಗಳನ್ನು ವರ್ಷಕ್ಕೊಮ್ಮೆ ಆಯುಧಪೂಜೆಗೆ ಮುಂಚೆ ಗುಡಿಸಿ ಹೊರಹಾಕುತ್ತಿದ್ದೆವು. ಎಷ್ಟು ವರ್ಷಗಳ ಕಾಗದ ಹೀಗೆ ಹೋಯಿತೆಂದು ಎಣಿಸುವುದಕ್ಕೂ ನಾಚಿಕೆಯಾಗುತ್ತದೆ. ಈ ವರ್ಷದಿಂದ ಆ ಪದ್ಧತಿಯನ್ನು ನಿಲ್ಲಿಸಿದ್ದೇವೆ. ಉಳಿದಿರುವುದನ್ನು ವರ್ಷವಾರಿ ಕಟ್ಟಿಸುತ್ತಿದ್ದೇವೆ.

ರದ್ದಿಯ ಅಂಗಡಿಯಿಂದ ತಂದ ಕಟ್ಟುಗಳು ಈಗ ನಮ್ಮ ಕಛೇರಿಯ ಬೀರುವಿನಲ್ಲಿ ಬೇವಿನ ಎಲೆಗಳ ನಡುವೆ ಇವೆ. ಹಿರಿಯರ ಮಗನು ಎರಡು ದಿನ ಬಂದು ಕುಳಿತು ಅವುಗಳನ್ನು ಓದಿದರು. ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿ ಒಂದು ಅವರ ಸ್ವಂತ ಊರಿನ ಕೆರೆಯದು. ಪಕ್ಕದ ಸಾಲಿನಲ್ಲಿ, ಕಂಟ್ರಾಕ್ಟರನು ತಮಗೆ ಬಂಧುವಾದುದರಿಂದ ಬಾಯಿ ಬರಲಿಲ್ಲವೆಂದು ತಂದೆಯವರು ಬರೆದಿದ್ದರು. ಮಗನು ಬಹಳ ಹೊತ್ತು ಸುಮ್ಮನಿದ್ದು, ಅದನ್ನು ಕಿತ್ತುಹಾಕಬೇಡಿರೆಂದು ನಮಗೆ ಹೇಳಿ, ಎಲ್ಲವನ್ನೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಲು ಒಪ್ಪಿ ರುಜುಹಾಕಿದರು. ಯಾರಿಗೇನು ಪ್ರಯೋಜನವೆಂದು ಕೇಳಿದ್ದವರು ಅವರೇ. ಮುಂದಾಳುಗಳ ಮನೆಗಳಲ್ಲಿ ಹುಟ್ಟಿದ ನಮ್ಮ ಇತರ ವಾಚಕರೂ ಮುಂದಿನ ಸಲ ಅಟ್ಟವನ್ನು ಗುಡಿಸುವ ಮುಂಚೆ ಒಂದು ಗಳಿಗೆ ಕಟ್ಟನ್ನು ಬಿಚ್ಚಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ. ಕೇಳುವವರು ಯಾರೂ ಬರಲಿಲ್ಲವೆಂಬ ಮಾತಿಗೆ ಇನ್ನು ಮುಂದೆ ಎಡೆಯಿಲ್ಲ, ನಾವು ಕೇಳುತ್ತಿದ್ದೇವೆ.